ಮಂಜಿನ ಮರೆಯ ಎದುರಾಳಿ: ಆನ್‌ಲೈನ್ ಸಮರ ಕ್ರೀಡೆಗಳಲ್ಲಿ ಜೋಡಿ ಕಟ್ಟುವವರು ಯಾರು?

ಬೆಳಗೋಡು (ಸಕಲೇಶಪುರ): ಸಕಲೇಶಪುರದಿಂದ ಮಂಗಳೂರಿನತ್ತ ಸಾಗುವ ಹೆದ್ದಾರಿಯ ಬದಿಯಲ್ಲಿ, ದೋಣಿಗಾಲ್ ಸಮೀಪದ ಗುಡ್ಡದ ನೆತ್ತಿಯ ಮೇಲೆ ಮಂಜರಾಬಾದ್ ಕೋಟೆ ನಿಂತಿದೆ. ಶ್ರೀರಂಗಪಟ್ಟಣಕ್ಕೂ ಕರಾವಳಿಗೂ ನಡುವಣ ದಾರಿಯನ್ನು ಕಾಯಲೆಂದು ಟಿಪ್ಪು ಸುಲ್ತಾನ್ ಕಟ್ಟಿಸಿದ ಎಂಟು ಮೂಲೆಗಳ ಈ ನಕ್ಷತ್ರಾಕಾರದ ಕೋಟೆ ಪೂರ್ಣಗೊಂಡದ್ದು 1792ರಲ್ಲಿ. ಯಾವ ದಿಕ್ಕಿನಿಂದ ಶತ್ರು ಬಂದರೂ ಕಾಣಬೇಕೆಂಬುದು ಅದರ ವಿನ್ಯಾಸದ ಉದ್ದೇಶ. ಆದರೆ ಕೋಟೆಯನ್ನು ನೋಡಲು ಬಂದ ಸುಲ್ತಾನನಿಗೆ ಸುತ್ತಲೂ ಮಂಜಲ್ಲದೆ ಬೇರೇನೂ ಕಾಣಲಿಲ್ಲವೆಂದೂ, ಆ ಕಾರಣದಿಂದಲೇ ಅದಕ್ಕೆ ಈ ಹೆಸರು ಬಂದಿತೆಂದೂ ಈ ಭಾಗದ ಜನ ಹೇಳುತ್ತಾರೆ. ಸಕಲೇಶಪುರ ತಾಲ್ಲೂಕಿಗೆ ಹಿಂದೆ ಮಂಜರಾಬಾದ್ ತಾಲ್ಲೂಕು ಎಂಬ ಹೆಸರೇ ಇತ್ತು.

ಇದೇ ತಾಲ್ಲೂಕಿನ ಬೆಳಗೋಡು ಹೋಬಳಿಯ ಕಾಫಿ ತೋಟದ ಮನೆಯೊಂದರಲ್ಲಿ ಕುಳಿತು, ಮೊಬೈಲ್ ಅಥವಾ ಕಂಪ್ಯೂಟರ್ ಪರದೆಯ ಮೇಲೆ ಸೇನೆ ನಡೆಸುವ ಯುವಕನೊಬ್ಬನನ್ನು ಊಹಿಸಿಕೊಳ್ಳಬಹುದು. ಅವನ ಸ್ಥಿತಿಯೂ ಆ ಕೋಟೆಯ ಪಹರೆಯವನಿಗಿಂತ ಭಿನ್ನವಲ್ಲ. ‘ಆಟ ಆರಂಭಿಸಿ’ ಎಂಬ ಗುಂಡಿಯನ್ನು ಒತ್ತಿದ ಕೆಲವು ಕ್ಷಣಗಳಲ್ಲಿ ಎದುರಾಳಿಯೊಬ್ಬ ಪ್ರತ್ಯಕ್ಷನಾಗುತ್ತಾನೆ. ಅವನು ಹಾಸನದವನೋ, ಹಂಗೇರಿಯವನೋ, ಆಟದಲ್ಲಿ ನುರಿತವನೋ, ನಿನ್ನೆ ಕಲಿತವನೋ, ಅಷ್ಟೇಕೆ ಮನುಷ್ಯನೋ ಯಂತ್ರವೋ ಎಂಬುದೂ ತಿಳಿದಿರುವುದಿಲ್ಲ. ಆ ಎದುರಾಳಿಯನ್ನು ಆರಿಸಿದವರು ಯಾರು? ಯಾವ ಲೆಕ್ಕದ ಮೇಲೆ ಆರಿಸಿದರು? ಸಾವಿರಾರು ಆಟಗಾರರನ್ನು ಪರಸ್ಪರ ಪರಿಚಯವಿಲ್ಲದಂತೆ ಜೋಡಿಸುವ ‘ಅಜ್ಞಾತ ಜೋಡಣೆ’ಯ ಈ ಪದ್ಧತಿಯ ಹಿಂದೆ ಇನ್ನೂರು ವರ್ಷಗಳ ಇತಿಹಾಸವೂ, ಅಚ್ಚುಕಟ್ಟಾದ ಗಣಿತವೂ, ಕೆಲವು ಅಹಿತಕರ ಪ್ರಶ್ನೆಗಳೂ ಇವೆ.

ಅಖಾಡದಲ್ಲಿ ಕಟ್ಟುತ್ತಿದ್ದ ಜೋಡಿ

ಸರಿಸಮಾನರನ್ನು ಎದುರುಬದುರು ನಿಲ್ಲಿಸುವ ಕಲೆ ಕನ್ನಡ ನಾಡಿಗೆ ಹೊಸದಲ್ಲ. ಮೈಸೂರು ದಸರಾ ಕುಸ್ತಿ ಪಂದ್ಯಗಳಿಗೆ ಮುನ್ನ ‘ಜೋಡಿ ಕಟ್ಟುವ’ ಕಾರ್ಯ ನಡೆಯುವುದನ್ನು ಓದುಗರು ಬಲ್ಲರು. ಪೈಲ್ವಾನರು ಬಂದು ನಿಲ್ಲುತ್ತಾರೆ; ಅನುಭವಿಗಳು ಅವರ ಮೈಕಟ್ಟು, ತೂಕ, ವಯಸ್ಸು, ಹಿಂದಿನ ಕುಸ್ತಿಗಳ ಸಾಧನೆ ಎಲ್ಲವನ್ನೂ ತೂಗಿ ನೋಡಿ ಇವನಿಗೆ ಇವನು ಎಂದು ನಿರ್ಧರಿಸುತ್ತಾರೆ. ಜೋಡಿ ತಪ್ಪಿದರೆ ಕುಸ್ತಿ ಎರಡು ನಿಮಿಷದಲ್ಲಿ ಮುಗಿದು ನೋಡುವವರಿಗೂ ರುಚಿಸದು, ಸೋತವನಿಗೂ ಮುಖಭಂಗ. ಜೋಡಿ ಸರಿಯಾದರೆ ಗೆಲುವು ಯಾರದಾದರೂ ಕಣಕ್ಕೆ ಕಳೆ ಬರುತ್ತದೆ.

ಆನ್‌ಲೈನ್ ಆಟಗಳ ‘ಮ್ಯಾಚ್‌ಮೇಕಿಂಗ್’ ಮಾಡುವುದೂ ಇದನ್ನೇ. ಆದರೆ ಎರಡು ಮುಖ್ಯ ವ್ಯತ್ಯಾಸಗಳಿವೆ. ಅಖಾಡದಲ್ಲಿ ಜೋಡಿ ಕಟ್ಟುವುದು ಎಲ್ಲರ ಕಣ್ಣೆದುರಿಗೆ; ಒಪ್ಪದ ಪೈಲ್ವಾನ ತಕರಾರು ಎತ್ತಬಹುದು. ಆನ್‌ಲೈನ್‌ನಲ್ಲಿ ಅದು ಸರ್ವರಿನೊಳಗೆ, ಕಣ್ಣು ಮಿಟುಕಿಸುವಷ್ಟರಲ್ಲಿ ನಡೆದುಹೋಗುತ್ತದೆ. ಎರಡನೆಯದಾಗಿ, ಅಲ್ಲಿ ತೋಳು ತೊಡೆಗಳನ್ನು ನೋಡಿ ಬಲವನ್ನು ಅಂದಾಜು ಮಾಡಬಹುದು. ಇಲ್ಲಿ ಆಟಗಾರನ ಮೈಕಟ್ಟು ಕಾಣದು. ಕಾಣುವುದು ಅವನ ಹಿಂದಿನ ಸೋಲು ಗೆಲುವುಗಳ ದಾಖಲೆಯೊಂದೇ. ಆ ದಾಖಲೆಯಿಂದ ಬಲವನ್ನು ಅಳೆಯುವುದು ಹೇಗೆಂಬುದೇ ಇಡೀ ವಿದ್ಯೆಯ ತಿರುಳು.

ತೆರೆಯ ಆಚೆಯ ಸೇನಾಪತಿ

ಎದುರಾಳಿಯನ್ನು ಮರೆಯಲ್ಲಿಡುವ ಪರಿಪಾಠ ಕಂಪ್ಯೂಟರ್ ಯುಗಕ್ಕಿಂತ ಬಹು ಹಿಂದಿನದು. 1824ರಲ್ಲಿ ಪ್ರಷ್ಯಾದ ಸೇನಾಧಿಕಾರಿ ಗೇಯೋರ್ಗ್ ಫಾನ್ ರೈಸ್ವಿಟ್ಸ್ ‘ಕ್ರೀಗ್ಸ್‌ಶ್ಪೀಲ್’ ಎಂಬ ಸಮರ ಕ್ರೀಡೆಯನ್ನು ಅಲ್ಲಿನ ಸೇನಾ ಮುಖ್ಯಸ್ಥ ಜನರಲ್ ಮ್ಯೂಫ್ಲಿಂಗ್ ಅವರ ಮುಂದೆ ಪ್ರದರ್ಶಿಸಿದರು. ಚದುರಂಗದಲ್ಲಿ ಎರಡೂ ಪಡೆಗಳು ಬಯಲಲ್ಲಿ ನಿಂತಿರುತ್ತವೆ. ರೈಸ್ವಿಟ್ಸ್ ಅವರ ಆಟದಲ್ಲಿ ಹಾಗಲ್ಲ. ನಿಜವಾದ ಭೂಪಟದ ಮೇಲೆ ಪಡೆಗಳನ್ನು ನಡೆಸಬೇಕು; ಆಟಗಾರನು ತನ್ನ ಆಜ್ಞೆಯನ್ನು ಮಧ್ಯಸ್ಥನಿಗೆ ತಿಳಿಸುತ್ತಾನೆ; ಎದುರು ಪಡೆ ಅವನ ಸೈನಿಕರ ಕಣ್ಣಿಗೆ ಬೀಳುವಂತಿದ್ದರೆ ಮಾತ್ರ ಮಧ್ಯಸ್ಥನು ಅದನ್ನು ಪಟದ ಮೇಲೆ ಇಡುತ್ತಾನೆ. ಯುದ್ಧದಲ್ಲಿ ಬಹುಪಾಲು ಸಂಗತಿಗಳು ಅನಿಶ್ಚಯದ ಮಂಜಿನಲ್ಲಿ ಮುಚ್ಚಿಹೋಗಿರುತ್ತವೆ ಎಂಬ ಪ್ರಷ್ಯಾದ ಚಿಂತಕ ಕ್ಲಾಸೆವಿಟ್ಸ್ ಅವರ ವಿಚಾರ ಅವರ ಮರಣಾನಂತರ 1832ರಲ್ಲಿ ಗ್ರಂಥರೂಪದಲ್ಲಿ ಪ್ರಕಟವಾಯಿತು. ಇಂದಿನ ಕಂಪ್ಯೂಟರ್ ಆಟಗಳಲ್ಲಿ ಭೂಪಟದ ಅರಿಯದ ಭಾಗವನ್ನು ಮಸುಕಾಗಿ ತೋರಿಸುವ ‘ಫಾಗ್ ಆಫ್ ವಾರ್’ ಈ ಪರಂಪರೆಯದೇ.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಆಟಗಾರರಿಬ್ಬರೂ ಕತ್ತಲಲ್ಲಿದ್ದರೂ ಮಧ್ಯಸ್ಥನಿಗೆ ಎಲ್ಲವೂ ತಿಳಿದಿರುತ್ತದೆ. ಆಟದ ನ್ಯಾಯವೆಲ್ಲ ಅವನೊಬ್ಬನ ಪ್ರಾಮಾಣಿಕತೆಯ ಮೇಲೆ ನಿಂತಿದೆ. ಇಂದು ಆ ಸ್ಥಾನದಲ್ಲಿ ಕಂಪನಿಯೊಂದರ ಸರ್ವರ್ ಕುಳಿತಿದೆ.

ಬಲವನ್ನು ಅಳೆಯುವ ಅಂಕ

ಸೋಲು ಗೆಲುವಿನ ದಾಖಲೆಯಿಂದ ಬಲವನ್ನು ಅಳೆಯುವ ಜನಪ್ರಿಯ ಸೂತ್ರ ಬಂದದ್ದು ಚದುರಂಗದಿಂದ. ಹಂಗೇರಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಅರ್ಪಾದ್ ಎಲೊ ಅವರ ಪದ್ಧತಿಯನ್ನು ಅಮೆರಿಕದ ಚೆಸ್ ಒಕ್ಕೂಟ 1960ರಲ್ಲಿಯೂ, ಅಂತರರಾಷ್ಟ್ರೀಯ ಒಕ್ಕೂಟವಾದ ಫಿಡೆ 1970ರಲ್ಲಿಯೂ ಅಂಗೀಕರಿಸಿದವು. 2017ರಲ್ಲಿ ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಎನಿಸಿದ ಮೈಸೂರಿನ ತೇಜಕುಮಾರ್ ಅವರೂ ಆ ಪದವಿಗಾಗಿ ದಾಟಬೇಕಾದ 2500ರ ಗಡಿ ಈ ಎಲೊ ಅಂಕದ್ದೇ.

ಸೂತ್ರದ ಆಶಯ ಸರಳ. ಇಬ್ಬರು ಆಟಗಾರರ ಅಂಕಗಳ ಅಂತರ ಗೊತ್ತಾದರೆ ಯಾರು ಎಷ್ಟು ಗೆಲ್ಲಬಹುದೆಂದು ಮುಂಚಿತವಾಗಿ ಅಂದಾಜು ಮಾಡಬಹುದು. ಅಂತರ ಸೊನ್ನೆಯಾದರೆ ಅವಕಾಶ ಶೇ 50. ಅಂತರ 100 ಅಂಕವಾದರೆ ಬಲಿಷ್ಠನಿಗೆ ಶೇ 64, 200 ಆದರೆ ಶೇ 76, 400 ಆದರೆ ಶೇ 91. ಪಂದ್ಯ ಮುಗಿದ ಮೇಲೆ ಈ ನಿರೀಕ್ಷೆಗೂ ನಿಜವಾದ ಫಲಿತಾಂಶಕ್ಕೂ ಇರುವ ವ್ಯತ್ಯಾಸವನ್ನು ಲೆಕ್ಕಹಾಕಿ ಅಂಕವನ್ನು ತಿದ್ದಲಾಗುತ್ತದೆ.

ಒಂದು ಉದಾಹರಣೆಯನ್ನು ನೋಡಬಹುದು. 1500 ಅಂಕದವನು 1700 ಅಂಕದವನನ್ನು ಎದುರಿಸುತ್ತಾನೆ. ತಿದ್ದುಪಡಿಯ ಗುಣಕ 20 ಎಂದಿಟ್ಟುಕೊಂಡರೆ, ಗೆದ್ದಲ್ಲಿ ದುರ್ಬಲನಿಗೆ ಸುಮಾರು 15 ಅಂಕ ಸಿಗುತ್ತದೆ. ಸೋತಲ್ಲಿ ಕಳೆದುಕೊಳ್ಳುವುದು 5 ಅಂಕ ಮಾತ್ರ. ಬಲಿಷ್ಠನಿಗೆ ಇದು ತಿರುಗುಮುರುಗು. ಎಳೆಯ ಪೈಲ್ವಾನ ಹಳಬನೆದುರು ಸೋತರೆ ಯಾರೂ ಆಡಿಕೊಳ್ಳುವುದಿಲ್ಲ, ಗೆದ್ದರೆ ಊರೆಲ್ಲ ಸುದ್ದಿಯಾಗುತ್ತದೆ. ಆ ಲೋಕಾನುಭವವನ್ನೇ ಎಲೊ ಅಂಕಿಗಳಲ್ಲಿ ಬರೆದರು ಎನ್ನಬಹುದು.

ಅರಿವಿಲ್ಲದಿರುವುದನ್ನೂ ಅಳೆಯುವ ಲೆಕ್ಕ

ಎಲೊ ಪದ್ಧತಿಗೆ ಒಂದು ಮಿತಿಯಿದೆ. ನೂರು ಪಂದ್ಯ ಆಡಿ 1500ರಲ್ಲಿ ನಿಂತವನಿಗೂ, ಇಂದಷ್ಟೇ ನೋಂದಾಯಿಸಿ 1500 ಪಡೆದವನಿಗೂ ಅದು ಒಂದೇ ಬೆಲೆ ಕಟ್ಟುತ್ತದೆ. ಮೊದಲನೆಯವನ ಅಂಕ ಬಲ್ಲ ಮಾತು. ಎರಡನೆಯವನದು ಬರಿಯ ಊಹೆ. ಈ ಕೊರತೆಯನ್ನು ನೀಗಲು ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಮಾರ್ಕ್ ಗ್ಲಿಕ್‌ಮನ್ 1995ರಲ್ಲಿ ‘ಗ್ಲಿಕೊ’ ಪದ್ಧತಿಯನ್ನು ರೂಪಿಸಿದರು. ಅದು ಪ್ರತಿ ಆಟಗಾರನಿಗೂ ಎರಡು ಸಂಖ್ಯೆಗಳನ್ನು ಇಡುತ್ತದೆ: ಒಂದು ಬಲದ ಅಂದಾಜು, ಇನ್ನೊಂದು ಆ ಅಂದಾಜಿನ ಬಗ್ಗೆ ಇರುವ ಅನುಮಾನ. ಹೆಚ್ಚು ಆಡಿದಂತೆ ಅನುಮಾನ ಕುಗ್ಗುತ್ತದೆ. ಬಹುಕಾಲ ಆಡದಿದ್ದರೆ ಮತ್ತೆ ಹಿಗ್ಗುತ್ತದೆ. ಲಿಚೆಸ್ ಎಂಬ ಉಚಿತ ಚೆಸ್ ತಾಣ ಇದರ ಸುಧಾರಿತ ರೂಪವಾದ ‘ಗ್ಲಿಕೊ-2’ ಅನ್ನು ಬಳಸುತ್ತದೆ. ಅಲ್ಲಿ ಹೊಸಬನ 1500 ಅಂಕದ ಮುಂದೆ ಪ್ರಶ್ನಾರ್ಥಕ ಚಿಹ್ನೆ ಕಾಣುವುದು ಈ ಅನುಮಾನದ ಗುರುತಾಗಿ.

ತಂಡಗಳಾಗಿ ಆಡುವ ಆಟಗಳಿಗೆ ಇದೂ ಸಾಲದು. ನಾಲ್ವರ ತಂಡ ಗೆದ್ದರೆ ಗೆಲುವಿನಲ್ಲಿ ಯಾರ ಪಾಲೆಷ್ಟು? ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿರುವ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರ ಇದಕ್ಕಾಗಿ ‘ಟ್ರೂಸ್ಕಿಲ್’ ಪದ್ಧತಿಯನ್ನು ಸಿದ್ಧಪಡಿಸಿತು. 2005ರಲ್ಲಿ ಎಕ್ಸ್‌ಬಾಕ್ಸ್ 360ರೊಂದಿಗೆ ಅದು ಬಳಕೆಗೆ ಬಂದಿತು. ಅದರಲ್ಲಿ ಹೊಸ ಆಟಗಾರನ ಬಲದ ಅಂದಾಜು 25, ಅನುಮಾನ ಅದರ ಮೂರನೆಯ ಒಂದು ಭಾಗ. ತೋರಿಸುವ ಅಂಕವೆಂದರೆ ಅಂದಾಜಿನಿಂದ ಅನುಮಾನದ ಮೂರರಷ್ಟನ್ನು ಕಳೆದು ಉಳಿದದ್ದು. ಹೀಗಾಗಿ ಹೊಸಬ ಸೊನ್ನೆಯಿಂದ ಹೊರಟು, ತನ್ನ ಬಲ ರುಜುವಾತಾದಷ್ಟೇ ಮೇಲೇರುತ್ತಾನೆ.

ಕೆಲವು ಆಟಗಳು ಜೋಡಿ ಕಟ್ಟಲು ಬಳಸುವ ಅಂಕವನ್ನು ಆಟಗಾರನಿಂದಲೇ ಮರೆಮಾಚುತ್ತವೆ. 2010ರಲ್ಲಿ ಬಿಡುಗಡೆಯಾದ ‘ಸ್ಟಾರ್‌ಕ್ರಾಫ್ಟ್ 2’ ಎಂಬ ಸಮರತಂತ್ರದ ಆಟದಲ್ಲಿ ಹೊರಗೆ ಕಂಚು, ಬೆಳ್ಳಿ, ಚಿನ್ನ ಎಂಬ ದರ್ಜೆಗಳು ಕಾಣುತ್ತಿದ್ದವು. ಒಳಗಿನ ನಿಜವಾದ ಅಂಕ ಗುಪ್ತವಾಗಿತ್ತು. ಆಟಗಾರರು ಅದನ್ನು ಕಾಣುವಂತಾದದ್ದು 2016ರಲ್ಲಿ.

ಕಾಯುವ ಸಮಯವೋ, ಸರಿಯಾದ ಜೋಡಿಯೋ?

ಅಂಕ ಸಿದ್ಧವಾದರೂ ಜೋಡಿ ಸುಲಭವಲ್ಲ. ಸರ್ವರ್ ಮೊದಲು ಆಟಗಾರನನ್ನು ಸರದಿಯಲ್ಲಿ ನಿಲ್ಲಿಸುತ್ತದೆ. ಅವನ ಅಂಕಕ್ಕೆ ಹತ್ತಿರವಿರುವವರನ್ನು ಹುಡುಕುತ್ತದೆ. ಸಿಗದಿದ್ದರೆ ಹುಡುಕುವ ವ್ಯಾಪ್ತಿಯನ್ನು ಹಿಗ್ಗಿಸುತ್ತಾ ಹೋಗುತ್ತದೆ. ಉದಾಹರಣೆಗೆ, ಆರಂಭದಲ್ಲಿ 50 ಅಂಕದೊಳಗಿನವರನ್ನು ಅರಸಿ, ಪ್ರತಿ 10 ಸೆಕೆಂಡಿಗೆ 25 ಅಂಕದಷ್ಟು ವ್ಯಾಪ್ತಿ ಹಿಗ್ಗಿಸುವ ನಿಯಮವಿದೆ ಎಂದುಕೊಳ್ಳಬಹುದು. ಒಂದು ನಿಮಿಷ ಕಾದವನಿಗೆ 200 ಅಂಕದ ಅಂತರದ ಎದುರಾಳಿಯೂ ಸಿಗಬಹುದು. ಹಿಂದಿನ ಲೆಕ್ಕದ ಪ್ರಕಾರ ಅವನ ಗೆಲುವಿನ ಅವಕಾಶ ಶೇ 24ಕ್ಕೆ ಇಳಿದಿರುತ್ತದೆ. ಅವನಿಗೆ ತಿಳಿಯದೆಯೇ ತಾಳ್ಮೆ ಮತ್ತು ನ್ಯಾಯಗಳ ನಡುವೆ ವ್ಯಾಪಾರವೊಂದು ಕುದುರಿಹೋಗಿರುತ್ತದೆ.

ಸಂಜೆಯ ಹೊತ್ತು ಹತ್ತಾರು ಸಾವಿರ ಮಂದಿ ಆಡುವ ಜನಪ್ರಿಯ ಆಟಗಳಲ್ಲಿ ಈ ತೊಂದರೆ ಕಾಣುವುದಿಲ್ಲ. ಆದರೆ ಗಂಭೀರ ಸಮರ ಕ್ರೀಡೆಗಳಿಗೆ ಆಟಗಾರರೇ ಕಡಿಮೆ. ಐವತ್ತು ಅರವತ್ತು ಜನರಿರುವ ಕಡೆ ಸರಿಸಮಾನನಿಗಾಗಿ ಗಂಟೆಗಟ್ಟಲೆ ಕಾಯಬೇಕು, ಇಲ್ಲವೇ ಸಿಕ್ಕವನೊಡನೆ ಆಡಬೇಕು. ದೊಡ್ಡ ಜಾತ್ರೆಯಲ್ಲಿ ಎತ್ತಿಗೆ ತಕ್ಕ ಜೋಡಿ ಸಿಗುವುದಕ್ಕೂ, ಚಿಕ್ಕ ಸಂತೆಯಲ್ಲಿ ಇದ್ದುದರಲ್ಲೇ ಆರಿಸಿಕೊಳ್ಳುವುದಕ್ಕೂ ಇರುವ ವ್ಯತ್ಯಾಸವಿದು.

ಇದಕ್ಕೆ ದೂರದ ಲೆಕ್ಕವೂ ಸೇರುತ್ತದೆ. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ವೇಗದಲ್ಲಿ ಸಾಗುತ್ತದೆ. ಸಾವಿರ ಕಿಲೋಮೀಟರ್ ದೂರದ ಸರ್ವರಿಗೆ ಹೋಗಿಬರಲು ಕನಿಷ್ಠ 10 ಮಿಲಿಸೆಕೆಂಡ್ ಬೇಕು. ನಡುವಣ ಯಂತ್ರಗಳು ಮತ್ತು ಮೊಬೈಲ್ ಗೋಪುರ ಸೇರಿದರೆ ಅದು ಹಲವು ಪಟ್ಟಾಗುತ್ತದೆ. ಆದ್ದರಿಂದ ಸರ್ವರ್ ಅಂಕದ ಸಾಮೀಪ್ಯವನ್ನಷ್ಟೇ ಅಲ್ಲದೆ ಸಂಪರ್ಕದ ಸಾಮೀಪ್ಯವನ್ನೂ ನೋಡಬೇಕಾಗುತ್ತದೆ. ಮುಂಗಾರಿನಲ್ಲಿ ಮರ ಬಿದ್ದು ವಿದ್ಯುತ್ತೂ ಅದರ ಹಿಂದೆಯೇ ಮೊಬೈಲ್ ಸಂಪರ್ಕವೂ ಕಡಿದುಹೋಗುವುದು ಮಲೆನಾಡಿಗೆ ಹೊಸತಲ್ಲ. ಬೆಂಗಳೂರಿನವನಿಗೆ ಸಲೀಸಾಗಿ ಸಿಗುವ ಜೋಡಿ ಬೆಳಗೋಡಿನವನಿಗೆ ಸಿಗದಿರಲು ಆಟದ ಬಲ ಕಾರಣವೇ ಆಗಬೇಕಿಲ್ಲ. ಸಂಪರ್ಕ ಕಡಿದು ಸಕಾಲದಲ್ಲಿ ಮರಳಿ ಸೇರಲಾಗದಿದ್ದರೆ ಹಲವು ಆಟಗಳು ಅದನ್ನು ಸೋಲೆಂದೇ ಬರೆದುಕೊಳ್ಳುತ್ತವೆ. ಆ ಸೋಲು ಮುಂದಿನ ಜೋಡಿಯನ್ನೂ ಪ್ರಭಾವಿಸುತ್ತದೆ.

ಸಂಪರ್ಕದ ಪ್ರಶ್ನೆ ಕೇವಲ ಹಳ್ಳಿಯ ದೂರಲ್ಲ ಎಂಬುದಕ್ಕೆ 2020ರ ಆಗಸ್ಟ್ 30ರಂದು ನಡೆದ ಫಿಡೆ ಆನ್‌ಲೈನ್ ಚೆಸ್ ಒಲಿಂಪಿಯಾಡ್ ಫೈನಲ್ ಸಾಕ್ಷಿ. ಭಾರತ ಮತ್ತು ರಷ್ಯಾ ನಡುವಣ ಮೊದಲ ಸುತ್ತು 3–3ರಿಂದ ಸಮವಾಗಿತ್ತು. ಎರಡನೆಯ ಸುತ್ತಿನಲ್ಲಿ ಜಾಗತಿಕ ಅಂತರ್ಜಾಲ ವ್ಯತ್ಯಯದಿಂದ ಭಾರತದ ನಿಹಾಲ್ ಸರೀನ್ ಮತ್ತು ದಿವ್ಯಾ ದೇಶ್‌ಮುಖ್ ಅವರ ಸಂಪರ್ಕ ಕಡಿದು ಸಮಯ ಮೀರಿತು. ಭಾರತದ ಮನವಿಯನ್ನು ಪರಿಶೀಲಿಸಿದ ಫಿಡೆ, ಎರಡೂ ದೇಶಗಳನ್ನು ಜಂಟಿ ವಿಜೇತರೆಂದು ಘೋಷಿಸಿತು. ಅಲ್ಲಿ ಅಹವಾಲು ಕೇಳಲು ಮನುಷ್ಯರಿದ್ದರು. ನಿತ್ಯದ ಅಜ್ಞಾತ ಪಂದ್ಯಗಳಲ್ಲಿ ಅಂಥವರು ಇರುವುದಿಲ್ಲ.

ದಂಡಯಾತ್ರೆಯ ತೊಡಕು

ಒಂಟಿ ಪಂದ್ಯಗಳಿಗೆ ಇಷ್ಟು ಸಾಕು. ಆದರೆ ‘ಕ್ಯಾಂಪೇನ್’ ಎಂದು ಕರೆಯುವ ದಂಡಯಾತ್ರೆಯ ಮಾದರಿಯಲ್ಲಿ ಸಮಸ್ಯೆ ಬೇರೆಯೇ ರೂಪ ತಾಳುತ್ತದೆ. ದಂಡಯಾತ್ರೆಯೆಂದರೆ ಒಂದರ ಬೆನ್ನಿಗೆ ಒಂದರಂತೆ ನಡೆಯುವ ಕದನಗಳ ಸರಮಾಲೆ. ಮೊದಲ ಕದನದಲ್ಲಿ ಉಳಿದ ಸೈನಿಕರು, ಗೆದ್ದ ನೆಲ, ಖರ್ಚಾದ ಮದ್ದುಗುಂಡು ಎಲ್ಲವೂ ಎರಡನೆಯದಕ್ಕೆ ಸಾಗಿಬರುತ್ತವೆ. ನೂರು ತುಕಡಿಗಳೊಂದಿಗೆ ಹೊರಟವನು ಮೊದಲ ಕದನದಲ್ಲಿ ನಲವತ್ತನ್ನು ಕಳೆದುಕೊಂಡರೆ ಮುಂದಿನ ಎದುರಾಳಿಯನ್ನು ಅರವತ್ತರಿಂದಲೇ ಎದುರಿಸಬೇಕು.

ಜೋಡಿ ಕಟ್ಟುವ ಸರ್ವರಿಗೆ ಇಲ್ಲಿ ಇಕ್ಕಟ್ಟು. ಆಟಗಾರರ ಬಲವನ್ನಷ್ಟೇ ಸರಿದೂಗಿಸಿದರೆ, ಅರವತ್ತರ ಸೇನೆ ನೂರರ ಸೇನೆಗೆ ಎದುರಾಗಿ ಕದನ ಮೊದಲೇ ನಿರ್ಧಾರವಾಗಬಹುದು. ಸೇನೆಗಳನ್ನೂ ಸರಿದೂಗಿಸಿದರೆ ಹಿಂದಿನ ಗೆಲುವಿಗೆ ಅರ್ಥವೇ ಉಳಿಯದು; ಜಾಣತನದಿಂದ ಸೈನಿಕರನ್ನು ಉಳಿಸಿಕೊಂಡವನಿಗೂ ಹುಂಬತನದಿಂದ ಕಳೆದವನಿಗೂ ಒಂದೇ ಫಲ ದೊರೆತಂತಾಗುತ್ತದೆ. ಒಂಟಿ ಪಂದ್ಯದ ಜೀವಾಳ ಸಮಾನತೆ. ದಂಡಯಾತ್ರೆಯ ಜೀವಾಳ ಹಂತಹಂತವಾಗಿ ಬೆಳೆಯುವ ಅಸಮಾನತೆ.

ಇದಕ್ಕೆ ಮೂರು ಬಗೆಯ ಪರಿಹಾರಗಳು ಬಳಕೆಯಲ್ಲಿವೆ. ಮೊದಲನೆಯದು, ಅಸಮ ಸೇನೆಯನ್ನು ಹಾಗೆಯೇ ಬಿಟ್ಟು, ಅಳತೆಗೋಲನ್ನು ಬದಲಿಸುವುದು. ಡೂಪ್ಲಿಕೇಟ್ ಬ್ರಿಡ್ಜ್ ಇಸ್ಪೀಟಾಟದಲ್ಲಿ ಒಂದೇ ಎಲೆಗಳನ್ನು ಹಲವು ಮೇಜುಗಳಲ್ಲಿ ಆಡಿಸಿ, ಅದೇ ಎಲೆ ಹಿಡಿದ ಬೇರೆಯವರಿಗಿಂತ ಇವರು ಎಷ್ಟು ಚೆನ್ನಾಗಿ ಆಡಿದರೆಂದು ನೋಡಲಾಗುತ್ತದೆ. ಸಮರ ಕ್ರೀಡೆಯಲ್ಲಿಯೂ ದುರ್ಬಲ ಪಕ್ಷವನ್ನು ಆಡಿದವನನ್ನು ಅದೇ ದುರ್ಬಲ ಪಕ್ಷವನ್ನು ಆಡಿದ ಇತರರೊಂದಿಗೆ ಹೋಲಿಸಬಹುದು. ಆಗ ಕೋಟೆ ಬಿದ್ದರೂ, ಉಳಿದವರಿಗಿಂತ ಎರಡು ದಿನ ಹೆಚ್ಚು ಕಾಯ್ದುಕೊಂಡವನೇ ಗೆದ್ದವನು.

ಎರಡನೆಯದು ಸ್ವಿಸ್ ಪದ್ಧತಿ. 1895ರಲ್ಲಿ ಜ್ಯೂರಿಕ್‌ನ ಚೆಸ್ ಪಂದ್ಯಾವಳಿಯಲ್ಲಿ ಬಳಸಿದ ಈ ಕ್ರಮದಲ್ಲಿ, ಪ್ರತಿ ಸುತ್ತಿನಲ್ಲೂ ಅಲ್ಲಿಯವರೆಗೆ ಸಮಾನ ಫಲಿತಾಂಶ ಪಡೆದವರನ್ನು ಜೋಡಿಸಲಾಗುತ್ತದೆ. ಒಮ್ಮೆ ಎದುರಾದವರು ಮತ್ತೆ ಎದುರಾಗುವಂತಿಲ್ಲ. 64 ಮಂದಿ ಪ್ರತಿಯೊಬ್ಬರೂ ಪ್ರತಿಯೊಬ್ಬರೊಡನೆ ಆಡಬೇಕಾದರೆ 2,016 ಪಂದ್ಯ ಬೇಕು. ಸ್ವಿಸ್ ಕ್ರಮದ ಆರು ಸುತ್ತುಗಳಲ್ಲಿ 192 ಪಂದ್ಯಗಳೇ ಸಾಕು. ದಂಡಯಾತ್ರೆಯಲ್ಲಿ ಈ ಕ್ರಮದಿಂದ ಗೆದ್ದು ಬೀಗಿದ ಸೇನೆಗೆ ಗೆದ್ದ ಸೇನೆಯೇ, ಸೋತು ಸೊರಗಿದ ಸೇನೆಗೆ ಸೊರಗಿದ್ದೇ ಎದುರಾಗುತ್ತದೆ. ಹಿಂದಿನ ಫಲ ಉಳಿಯುತ್ತದೆ, ಕದನವೂ ಏಕಪಕ್ಷೀಯವಾಗುವುದಿಲ್ಲ.

ಮೂರನೆಯದು ಎದುರಾಳಿಯನ್ನು ಕದನದ ಹೊತ್ತಿಗೆ ಮಾತ್ರ ಕರೆತರುವುದು. 2010ರಲ್ಲಿ ಬಂದ ‘ನೆಪೋಲಿಯನ್: ಟೋಟಲ್ ವಾರ್’ ಆಟದಲ್ಲಿ ಒಬ್ಬನೇ ಕಂಪ್ಯೂಟರಿನ ವಿರುದ್ಧ ದಂಡಯಾತ್ರೆ ನಡೆಸುತ್ತಿರುವಾಗ, ಯಾವುದೋ ಒಂದು ಕದನಕ್ಕೆ ಮಾತ್ರ ಕಂಪ್ಯೂಟರಿನ ಸೇನೆಯನ್ನು ಅಪರಿಚಿತ ಮನುಷ್ಯನೊಬ್ಬ ವಹಿಸಿಕೊಳ್ಳುವ ಅನುಕೂಲವಿತ್ತು. ಬಂದವನಿಗೆ ಆ ಯುದ್ಧದ ಹಿಂದುಮುಂದು ಬೇಕಿಲ್ಲ. ತನ್ನ ಸೇನೆ ನಡೆಸಿ ಹೊರಟುಹೋಗುತ್ತಾನೆ. ಅಜ್ಞಾತ ಜೋಡಣೆಯ ಶುದ್ಧ ರೂಪವಿದು ಎನ್ನಬಹುದು. ಇದರ ದೌರ್ಬಲ್ಯವೂ ಅಲ್ಲಿಯೇ ಇದೆ: ನಾಳೆಯ ಹೊಣೆಯಿಲ್ಲದ ಸೇನಾಪತಿ ಸೈನಿಕರನ್ನು ಉಳಿಸುವ ಗೋಜಿಗೆ ಹೋಗುವುದಿಲ್ಲ.

ಮರೆಯಿಂದ ಲಾಭ, ಮರೆಯಿಂದ ಮೋಸ

ಎದುರಾಳಿಯ ಗುರುತನ್ನು ಏಕೆ ಮರೆಮಾಚಬೇಕು? ಮರೆಮಾಚಬಹುದಾದ ಸಂಗತಿಗಳು ಮೂರು: ಹೆಸರು, ಅಂಕ ಮತ್ತು ಸೇನೆಯ ಸ್ವರೂಪ. ಪ್ರತಿಯೊಂದಕ್ಕೂ ಬೇರೆ ಬೇರೆ ಕಾರಣವಿದೆ.

ಹೆಸರು ಮರೆಯಲ್ಲಿದ್ದರೆ ಗೆಳೆಯರಿಬ್ಬರು ಒಳಒಪ್ಪಂದ ಮಾಡಿಕೊಂಡು ಒಬ್ಬರಿಗೊಬ್ಬರು ಸೋಲುವುದು ಕಷ್ಟವಾಗುತ್ತದೆ. ಸುಲಭದ ತುತ್ತುಗಳನ್ನು ಆಯ್ದು ಆಡಿ ಅಂಕ ಏರಿಸಿಕೊಳ್ಳುವುದೂ ನಿಲ್ಲುತ್ತದೆ. ಹೆಣ್ಣುಮಕ್ಕಳು ತಮ್ಮ ಹೆಸರಿನ ಕಾರಣಕ್ಕೆ ಕುಹಕ ಕೇಳಬೇಕಾಗಿ ಬರುವುದಿಲ್ಲ; ಊರು, ಭಾಷೆ, ಜಾತಿಗಳ ಸುಳಿವೂ ಸಿಗುವುದಿಲ್ಲ. ಅಂಕ ಮರೆಯಲ್ಲಿದ್ದರೆ ಬಲಿಷ್ಠನ ಸಂಖ್ಯೆ ಕಂಡೇ ಎದೆಗುಂದುವುದು ತಪ್ಪುತ್ತದೆ. ಸೇನೆಯ ಸ್ವರೂಪ ಮರೆಯಲ್ಲಿದ್ದರೆ ಬೇಹುಗಾರಿಕೆಗೆ ಬೆಲೆ ಬರುತ್ತದೆ. ಅದಿಲ್ಲದೆ ಸಮರ ಕ್ರೀಡೆಗೆ ಅರ್ಥವಿಲ್ಲ.

ಆದರೆ ಮಂಜು ಕಳ್ಳನಿಗೂ ಮರೆಯೇ. ನುರಿತವನು ಹೊಸ ಖಾತೆ ತೆರೆದು ಕಲಿಯುವವರ ನಡುವೆ ನುಗ್ಗುವುದು, ಬೇಕೆಂದೇ ಸೋತು ಅಂಕ ಇಳಿಸಿಕೊಂಡು ಬಳಿಕ ದುರ್ಬಲರನ್ನು ಸದೆಬಡಿಯುವುದು, ಒಬ್ಬನ ಖಾತೆಯಲ್ಲಿ ಇನ್ನೊಬ್ಬ ಆಡುವುದು ಎಲ್ಲ ಕಡೆ ಇರುವ ಪಿಡುಗುಗಳು. ಗುರುತು ಕಾಣದ ಕಡೆ ನಾಚಿಕೆಯೂ ಕಡಿಮೆ. ಇವನ್ನು ತಡೆಯಲು ಸರ್ವರುಗಳು ಹೊಸ ಖಾತೆಯ ಅನುಮಾನದ ಸಂಖ್ಯೆಯನ್ನು ಹೆಚ್ಚಿಟ್ಟು, ಸತತ ಗೆಲುವು ಕಂಡೊಡನೆ ಅಂಕವನ್ನು ವೇಗವಾಗಿ ಏರಿಸುತ್ತವೆ. ಹೊಸ ಖಾತೆಯ ಹುಲಿ ಹತ್ತಿಪ್ಪತ್ತು ಪಂದ್ಯಗಳಲ್ಲಿ ಹುಲಿಗಳ ನಡುವೆ ಬೀಳುತ್ತದೆ. ಆ ಹತ್ತಿಪ್ಪತ್ತು ಪಂದ್ಯಗಳಲ್ಲಿ ಬಲಿಯಾದವರಿಗೆ ಪರಿಹಾರವಿಲ್ಲ.

ಜೋಡಿ ಕಟ್ಟುವವನ ಹಿತ ಯಾವುದು?

ಇಲ್ಲಿಯವರೆಗಿನ ಮಾತೆಲ್ಲ ಮಧ್ಯಸ್ಥನು ನಿಷ್ಪಕ್ಷಪಾತಿ ಎಂಬ ನಂಬಿಕೆಯ ಮೇಲೆ ನಿಂತಿದೆ. ಆದರೆ ಸರ್ವರನ್ನು ನಡೆಸುವ ಕಂಪನಿಗೆ ತನ್ನದೇ ಲಾಭದ ಲೆಕ್ಕವಿರುತ್ತದೆ. 2017ರಲ್ಲಿ ಎಲೆಕ್ಟ್ರಾನಿಕ್ ಆರ್ಟ್ಸ್ ಕಂಪನಿಯ ಸಂಶೋಧಕರು ಸೇರಿ ಪ್ರಕಟಿಸಿದ ಪ್ರಬಂಧವೊಂದು, ಸರಿಸಮಾನರ ಜೋಡಿಯೇ ಆಟಗಾರನನ್ನು ಹೆಚ್ಚು ಕಾಲ ಹಿಡಿದಿಡುತ್ತದೆ ಎಂಬ ನಂಬಿಕೆಯನ್ನು ಪ್ರಶ್ನಿಸಿ, ಆಟಗಾರ ಬಿಟ್ಟುಹೋಗದಂತೆ ತಡೆಯುವುದನ್ನೇ ಗುರಿಯಾಗಿಸಿ ಜೋಡಿ ಕಟ್ಟುವ ಮಾದರಿಯನ್ನು ಮುಂದಿಟ್ಟಿತು. ಸತತ ಸೋತವನಿಗೆ ಗೆಲ್ಲಬಹುದಾದ ಎದುರಾಳಿಯನ್ನು ಕೊಡುವುದು ಇಂಥ ಮಾದರಿಯಿಂದ ಬರುವ ಫಲ. ಅದೇ ವರ್ಷ ಆಕ್ಟಿವಿಷನ್ ಕಂಪನಿಗೆ ಅಮೆರಿಕದಲ್ಲಿ ಪೇಟೆಂಟ್ ಒಂದು ದೊರೆಯಿತು: ದುಬಾರಿ ಆಯುಧ ಕೊಂಡ ಆಟಗಾರನ ಜೊತೆ ಅದಿಲ್ಲದವನನ್ನು ಜೋಡಿಸಿ, ಅವನಲ್ಲೂ ಕೊಳ್ಳುವ ಆಸೆ ಹುಟ್ಟಿಸುವ ವಿಧಾನ ಅದರಲ್ಲಿತ್ತು. ಯಾವ ಆಟದಲ್ಲೂ ಅದನ್ನು ಬಳಸಿಲ್ಲವೆಂದು ಕಂಪನಿ ಆಗ ಹೇಳಿತು. ಬಳಸಿರಲಿ, ಬಿಡಲಿ, ಜೋಡಿ ಕಟ್ಟುವ ಯಂತ್ರವನ್ನು ಅಂಗಡಿಯ ದಲ್ಲಾಳಿಯನ್ನಾಗಿಸಬಹುದು ಎಂಬುದು ಕಾಗದದ ಮೇಲೆಯೇ ದಾಖಲಾಯಿತು.

ಹಣ ಕಟ್ಟಿ ಆಡುವ ಆಟಗಳಲ್ಲಿ ಈ ಪ್ರಶ್ನೆ ಇನ್ನಷ್ಟು ತೀಕ್ಷ್ಣ. ಎದುರಾಳಿ ಮನುಷ್ಯನೋ, ಕಂಪನಿಯದೇ ಯಂತ್ರವೋ ಎಂಬುದನ್ನು ಪರದೆಯ ಈಚೆಯವನು ತಿಳಿಯಲಾರ. ಕೌಶಲದ ಆಟ ಎಂಬ ಹಣೆಪಟ್ಟಿಗೆ ಬೆಲೆ ಬರುವುದು ಜೋಡಿ ಪ್ರಾಮಾಣಿಕವಾಗಿದ್ದಾಗ ಮಾತ್ರ. ಕರ್ನಾಟಕವು 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಪಣವೊಡ್ಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತ್ತು. 2022ರ ಫೆಬ್ರುವರಿ 14ರಂದು ರಾಜ್ಯ ಹೈಕೋರ್ಟ್ ಆ ನಿಷೇಧದ ಕಲಮುಗಳನ್ನು ರದ್ದುಪಡಿಸಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆಯು ಹಣದ ಆಟಗಳನ್ನು, ಅವು ಕೌಶಲದ್ದಾಗಲಿ ಅದೃಷ್ಟದ್ದಾಗಲಿ, ನಿಷೇಧದ ವ್ಯಾಪ್ತಿಗೆ ತಂದು, ಇ-ಸ್ಪೋರ್ಟ್ಸ್ ಅನ್ನು ಪ್ರತ್ಯೇಕಿಸಿ ಮಾನ್ಯ ಮಾಡಿತು. ಹಣದ ಆಮಿಷ ಹೊರಗುಳಿದರೂ ಜೋಡಣೆಯ ಪ್ರಶ್ನೆ ಉಳಿಯುತ್ತದೆ. ಇ-ಸ್ಪೋರ್ಟ್ಸ್ ಕ್ರೀಡೆಯೆನಿಸಿಕೊಳ್ಳಬೇಕಾದರೆ ಆಯ್ಕೆಯ ಏಣಿಯ ಮೊದಲ ಮೆಟ್ಟಿಲಾದ ಈ ಅಂಕಗಳ ಲೆಕ್ಕ ಪರಿಶೀಲನೆಗೆ ಸಿಗುವಂತಿರಬೇಕು.

ಆಟಗಾರ ಕೇಳಬೇಕಾದದ್ದು

ಹಾಗಾದರೆ ಸಾಮಾನ್ಯ ಆಟಗಾರ, ಅಥವಾ ಮಕ್ಕಳು ಆಡುವುದನ್ನು ನೋಡುತ್ತಿರುವ ಪೋಷಕರು ಏನನ್ನು ಗಮನಿಸಬೇಕು? ಆಟವು ಯಾವ ಅಂಕ ಪದ್ಧತಿ ಬಳಸುತ್ತದೆಂದು ಬಹಿರಂಗವಾಗಿ ಹೇಳುತ್ತದೆಯೇ? ಯಂತ್ರ ಎದುರಾಳಿಗಳಿದ್ದರೆ ಅವನ್ನು ಗುರುತಿಸಿ ತೋರಿಸುತ್ತದೆಯೇ? ಸಂಪರ್ಕ ಕಡಿದಾಗ ಮರಳಿ ಸೇರಲು ಅವಕಾಶವಿದೆಯೇ? ಖರ್ಚು ಮಾಡಿದ ಹಣಕ್ಕೂ ಸಿಗುವ ಜೋಡಿಗೂ ನಂಟಿದೆಯೇ? ಪಂದ್ಯ ಮುಗಿದ ಬಳಿಕವಾದರೂ ಎದುರಾಳಿಯ ಅಂಕವನ್ನೂ ಆಟದ ದಾಖಲೆಯನ್ನೂ ನೋಡಬಹುದೇ? ಲಿಚೆಸ್‌ನಂಥ ತಾಣಗಳು ತಮ್ಮ ತಂತ್ರಾಂಶದ ಮೂಲವನ್ನೇ ತೆರೆದಿಟ್ಟಿರುವುದರಿಂದ ಈ ಪಾರದರ್ಶಕತೆ ಅಸಾಧ್ಯವೇನಲ್ಲ.

ಸಂಪರ್ಕ ದುರ್ಬಲವಿರುವ ಕಡೆಯವರಿಗೆ ಮತ್ತೊಂದು ದಾರಿಯೂ ಇದೆ. ಒಂದು ನಡೆಗೆ ಒಂದು ದಿನವೋ ಮೂರು ದಿನವೋ ಕಾಲಾವಕಾಶ ಕೊಡುವ, ಸರದಿಯಂತೆ ಆಡುವ ಆಟಗಳಲ್ಲಿ ಮಿಲಿಸೆಕೆಂಡುಗಳ ಲೆಕ್ಕವಿರುವುದಿಲ್ಲ. ಹಿಂದೆ ಅಂಚೆ ಕಾರ್ಡಿನಲ್ಲಿ ಚದುರಂಗ ಆಡುತ್ತಿದ್ದ ಪರಂಪರೆಯ ಮುಂದುವರಿಕೆಯಿದು. ದಂಡಯಾತ್ರೆಯ ಆಟಗಳಿಗೆ ಈ ನಿಧಾನಗತಿ ಹೆಚ್ಚು ಒಗ್ಗುತ್ತದೆ ಕೂಡ. ತೋಟದ ಕೆಲಸ ಮುಗಿಸಿ ಬಂದವನು ಸಂಜೆ ಒಂದು ಆಜ್ಞೆ ಕಳುಹಿಸಿ, ಮಾರನೆಯ ಸಂಜೆ ಅದರ ಫಲ ನೋಡಬಹುದು. ಮಳೆಗೆ ಸಂಪರ್ಕ ಒಂದು ರಾತ್ರಿ ಹೋದರೂ ಸಾಮ್ರಾಜ್ಯ ಹೋಗುವುದಿಲ್ಲ.

ಎದುರಾಳಿ ಯಾರೆಂದು ತಿಳಿಯದಿರುವುದು ಸಮರ ಕ್ರೀಡೆಯ ಸೊಗಸು. ಅದನ್ನು ತೆಗೆದುಹಾಕಬೇಕೆಂದು ಯಾರೂ ಕೇಳಲಾರರು. ಮಂಜರಾಬಾದಿನ ಕೋಟೆಯ ಮೇಲೆ ನಿಂತವನಿಗೆ ಕಣಿವೆಯಲ್ಲಿ ಕವಿದ ಮಂಜಿನ ಬಗ್ಗೆ ದೂರಿಲ್ಲ. ಕಾಲ ಕೆಳಗಿನ ಕಲ್ಲು ಗಟ್ಟಿಯಾಗಿದೆಯೇ ಎಂಬುದಷ್ಟೇ ಅವನ ಚಿಂತೆ. ಆಟಗಾರನದೂ ಅದೇ ಬೇಡಿಕೆ: ಎದುರಾಳಿ ಮರೆಯಲ್ಲಿರಲಿ, ಜೋಡಿ ಕಟ್ಟುವ ನಿಯಮ ಮಾತ್ರ ಮರೆಯಲ್ಲಿರಬಾರದು.